ಚರಗ ಬಿದ್ದ ದಂಡೆ

ಬೋರಿಗುಡ್ಡಕ್ಕೆ ದ್ವೀಪ ಅಂತ ಹೆಸರಿಟ್ಟವರು ನಾವಲ್ಲ. ನಮಗೆ ಅದು ಗುಡ್ಡ, ಅಷ್ಟೇ. ಸುತ್ತ ನೀರು ಬಂದು ನಿಂತ ಮಾತ್ರಕ್ಕೆ ಗುಡ್ಡದ ಜಾತಿ ಬದಲಾಗುತ್ತದೆಯೇ? ನಾನು ಮದುವೆಯಾಗಿ ಬಂದಾಗ ಅದರ ಬುಡದಲ್ಲಿ ನಮ್ಮ ಊರು ಶೀಗಿವಾಡಿ ಇತ್ತು, ತಲೆಯ ಮೇಲೆ ಬೋರೆ ಗಿಡಗಳಿದ್ದವು, ಹಿಂಬದಿಯ ಇಳಿಜಾರಿನಲ್ಲಿ ನಮ್ಮ ಹೊಲವಿತ್ತು. ಆಮೇಲೆ ಡ್ಯಾಮ್ ಕಟ್ಟಿದರು. ಊರು ಮುಳುಗಿತು, ಹೊಲ ಮುಳುಗಿತು, ನಾವು ಎದುರಿನ ದಿಬ್ಬ ಹತ್ತಿ ಮನೆ ಕಟ್ಟಿಕೊಂಡು ಅದಕ್ಕೂ ಶೀಗಿವಾಡಿ ಅಂತಲೇ ಕರೆದೆವು. ಗುಡ್ಡದ ತಲೆ ಮಾತ್ರ ನೀರಿನ ನಡುವೆ ಉಳಿಯಿತು. ಈಗ ಅದನ್ನು ನೋಡಲು ಬಸವಕಲ್ಯಾಣದಿಂದ, ಹುಮನಾಬಾದಿನಿಂದ, ರವಿವಾರ ಹೈದರಾಬಾದಿನಿಂದಲೂ ಜನ ಕಾರು ತುಂಬಿಕೊಂಡು ಬರುತ್ತಾರೆ.

ನನ್ನ ಹೆಸರು ಶೇವಂತಾಬಾಯಿ. ಗಂಡನ ಹೆಸರು ಏಕನಾಥ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅಂತಾರೆ. ನಾನು ಮದುವೆಯಾದ ವರ್ಷದಿಂದಲೇ ಹೇಳುತ್ತ ಬಂದಿದ್ದೇನೆ, ಅವನಿಗೆ ಏನೂ ಆಗಿಲ್ಲ. ಆಡು ಮೇಯಿಸಿಕೊಂಡು ಗಟ್ಟಿಮುಟ್ಟಾಗಿದ್ದಾನೆ. ಮಗ ದಿಲೀಪ ಮಂಠಾಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಸೊಸೆ ಮೇಘಾ ಈಗ ಅದೇ ಗುಡ್ಡದ ಮೇಲೆ ರಿಸಾರ್ಟಿನಲ್ಲಿ ಟಿಕೆಟ್ ಹರಿಯುತ್ತಾಳೆ. ಅವಳ ವಿಷಯ ಆಮೇಲೆ ಬರುತ್ತದೆ.

ಮೊದಲು ನನ್ನ ದಂಡೆಯ ವಿಷಯ ಹೇಳಬೇಕು. ಡ್ಯಾಮಿನ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ದಸರೆ ಕಳೆದ ಮೇಲೆ ಕಾಲುವೆಗೆ ನೀರು ಬಿಡುತ್ತಾರೆ, ಅಲ್ಲಿಂದ ಅದು ಇಳಿಯುತ್ತ ಹೋಗುತ್ತದೆ, ಗುಡ್ಡ ಸ್ವಲ್ಪ ಸ್ವಲ್ಪವಾಗಿ ಮೇಲೆ ಏಳುತ್ತದೆ. ನೀರು ಬಿಟ್ಟುಕೊಟ್ಟ ಕಪ್ಪು ಮಣ್ಣಿನಲ್ಲಿ ಕಡಲೆ ಹಾಕಿದರೆ ಮಳೆ ಬೇಡ, ಗೊಬ್ಬರ ಬೇಡ, ಆ ಹಸಿಯಲ್ಲೇ ಬೆಳೆದು ಬಿಡುತ್ತದೆ. ಗುಡ್ಡದ ಹಿಂಬದಿಯ ದಂಡೆ ನಮ್ಮ ಹಳೆಯ ಹೊಲದ ಮೇಲಂಚು. ಅದನ್ನು ಮೊದಲು ನನ್ನ ಅತ್ತೆ ಬಿತ್ತಿದಳು, ಅವಳ ನಂತರ ನಾನು. ಕಾಗದದ ಪ್ರಕಾರ ಅದು ಸರ್ಕಾರದ್ದು. ಪರಿಹಾರ ಕೊಟ್ಟಿದ್ದಾರೆ, ಮಾವ ಹೆಬ್ಬೆಟ್ಟು ಒತ್ತಿದ್ದಾನೆ, ಇಲ್ಲ ಅನ್ನುವವಳು ನಾನಲ್ಲ. ಆದರೆ ನೀರು ಪ್ರತಿವರ್ಷ ಆ ದಂಡೆಯನ್ನು ನನಗೆ ವಾಪಸ್ಸು ಕೊಡುತ್ತದೆ. ಕೊಡಬೇಡ ಅಂತ ಸರ್ಕಾರ ಬೇಕಾದರೆ ನೀರಿಗೆ ಹೇಳಲಿ.

ಇನ್ನೊಂದು ಮಾತು. ಎಳ್ಳಮಾಸೆ ಅಂದರೆ ಚಳಿಗಾಲದ ಎಳ್ಳು ಅಮಾವಾಸ್ಯೆ, ಆ ದಿನ ನಾವು ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಣಿಸುತ್ತೇವೆ. ಆಗ ಬೆಳೆ ಕಾಳು ಕಟ್ಟುವ ಹೊತ್ತು, ಅಂದರೆ ತಾಯಿ ಬಸುರಿ. ಬಸುರಿಯ ಬಯಕೆ ತೀರಿಸಬೇಕಲ್ಲ? ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ, ಕಡುಬು ಎಲ್ಲ ಕಲಸಿ ಬುಟ್ಟಿಯಲ್ಲಿ ಹೊತ್ತು, ಹೊಲದ ಸುತ್ತ ನಡೆಯುತ್ತ ಹಿಡಿಹಿಡಿಯಾಗಿ ಚೆಲ್ಲುತ್ತೇವೆ. ಅದೇ ಚರಗ. ಮುಂದಿನವರು "ಓಲಗ್ಯಾ ಓಲಗ್ಯಾ" ಅಂತ ಕೂಗಿದರೆ ಹಿಂದಿನವರು "ಸಾಲಂ ಪಲಗ್ಯಾ" ಅಂತ ದನಿಗೂಡಿಸಬೇಕು. ಅರ್ಥ ಕೇಳಬೇಡಿ, ನಮಗೂ ಗೊತ್ತಿಲ್ಲ. ಗೊತ್ತಿರುವುದು ಒಂದೇ: ಚರಗ ಬಿದ್ದ ನೆಲಕ್ಕೆ ಬೆಳೆ ಕಿತ್ತು ರಾಶಿ ಆಗುವ ತನಕ ಗುದ್ದಲಿ ಹಾಕುವುದಿಲ್ಲ. ಬಸುರಿಯ ಹೊಟ್ಟೆಯ ಮೇಲೆ ಯಾರಾದರೂ ಕೈ ಎತ್ತುತ್ತಾರೆಯೇ? ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ತಲೆ ಒಡೆದುಕೊಂಡಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ, ಆದರೆ ಚರಗ ಬಿದ್ದ ಮೇಲೆ ಆ ಬದುವನ್ನು ಮುಟ್ಟಿದವನನ್ನು ನಾನು ಕಂಡಿಲ್ಲ.

ಊರು ಮುಳುಗಿದ ವರ್ಷ ನನ್ನ ಅತ್ತೆ ತೆಪ್ಪದಲ್ಲಿ ಗುಡ್ಡಕ್ಕೆ ಹೋಗಿ, ಹೊಲ ಇದ್ದ ದಿಕ್ಕಿಗೆ ನಿಂತು, ಚರಗವನ್ನು ನೀರಿಗೇ ಚೆಲ್ಲಿದಳು. ಮೀನು ಬಂದು ಬಾಯಿ ತೆರೆದವು. ಏಕನಾಥ, ಅವ್ವಾ, ಮೀನ ತಿನ್ನಾಕತ್ತಾವ ಅಂದ. ತಿನ್ನಲಿ, ಉಳಿದದ್ದು ಕೆಳಗ ಹೋಗ್ತದ, ಆಕಿಗಿ ಮುಟ್ಟತದ ಅಂದಳು. ನಾನು ಎಂಥ ಸೊಸೆ ಅನ್ನುವುದು ಬೇರೆ ಮಾತು, ಆದರೆ ನನ್ನ ಅತ್ತೆಯಂಥ ಹೆಂಗಸನ್ನು ನಾನು ಮತ್ತೆ ನೋಡಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಕಂಪನಿ ರಿಸಾರ್ಟ್ ಕಟ್ಟಲು ಗುಡ್ಡವನ್ನು ಗುತ್ತಿಗೆ ಹಿಡಿಯಿತು. ನೀರು ಪೂರ್ತಿ ಇಳಿದು ಹಳೆಯ ಗಾಡಿಹಾದಿ ತೆರೆದಾಗ ಅದರ ಮೇಲೆ ಒಂದು ಜೆಸಿಬಿ ದಾಟಿಸಿದರು, ಮುರುಮಿನ ಕಲ್ಲುಮಣ್ಣು ತಂದು ಸುರಿದರು, ಉಸುಕಿನ ಗುಡ್ಡೆ ಹಾಕಿದರು. ಬೋರೆ ಗಿಡಗಳನ್ನು ಬುಡಸಮೇತ ಕಿತ್ತು, ಅಲ್ಲಿ ನಮ್ಮ ಊರಿನ ಬಿಸಿಲನ್ನೇ ಕಾಣದ ಯಾವುದೋ ತಾಳೆಯಂಥ ಗಿಡ ನೆಟ್ಟರು. ಅವು ನೆಟ್ಟ ದಿನದಿಂದ ಹಳದಿ ಮುಖ ಮಾಡಿಕೊಂಡು ನಿಂತಿವೆ. ಮುಂಬದಿಯಲ್ಲಿ ನೀರಿನೊಳಗೇ ಕಲ್ಲು ತುಂಬಿ ಸಿಮೆಂಟಿನ ಮೆಟ್ಟಿಲು ಕಟ್ಟಿದರು. ಮಳೆಗಾಲದಲ್ಲಿ ನೀರು ಬಂತು, ಹಾದಿ ಮುಚ್ಚಿತು, ಜೆಸಿಬಿ ಅಲ್ಲೇ ಉಳಿಯಿತು, ಮೋಟಾರ್ ಬೋಟು ಶುರುವಾಯಿತು. ಮುಂದಿನ ದಂಡೆ ಕಲ್ಲಾಯಿತಲ್ಲ, ಅಲೆ ಅಲ್ಲಿ ಬಡಿದು ಗುಡ್ಡ ಸುತ್ತಿ ಬಂದು ನನ್ನ ಕಡೆಯ ಮಣ್ಣನ್ನು ತಿನ್ನತೊಡಗಿತು. ದೀಪಾವಳಿಯ ಹೊತ್ತಿಗೆ ನಾನು ಕಡಲೆ ಬಿತ್ತಲು ಹೋದಾಗ ದಂಡೆ ಹೋದ ವರ್ಷಕ್ಕಿಂತ ಸಣ್ಣದಾಗಿತ್ತು. ಆದರೂ ಬಿತ್ತಿದೆ. ತೆಪ್ಪದ ಅಂಬಾದಾಸ ನನ್ನನ್ನು ಸದ್ದಿಲ್ಲದೆ ಹಿಂಬದಿಗೆ ಇಳಿಸಿ ಬರುತ್ತಿದ್ದ. ರಿಸಾರ್ಟಿನವರು ಹಿಂಬದಿಗೆ ಬರುತ್ತಿರಲಿಲ್ಲ. ಅಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲವಂತೆ.

ಕಡಲೆ ಹೂವಾಗಿ, ಸಣ್ಣ ಸಣ್ಣ ಕಾಯಿ ಕಟ್ಟುತ್ತಿದ್ದಾಗ ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ನನ್ನ ಸಾಲುಗಳ ನಡುವೆ ಕೆಂಪು ಬಾವುಟಗಳು. ನಾಲ್ಕೈದನ್ನು ಕಿತ್ತು ನೀರಿಗೆ ಎಸೆದೆ. ಎಸೆಯುತ್ತಿದ್ದಾಗ ಮ್ಯಾನೇಜರ್ ಬಂದ. ಅವನ ಹೆಸರು ಗೋವರ್ಧನ, ಹುಮನಾಬಾದ್ ಪಕ್ಕದ ಮಾಣಿಕನಗರದವನು, ಮೂವತ್ತರ ಆಚೀಚೆ ವಯಸ್ಸು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಯ್ಯುವುದು ಸುಲಭವಾಗುತ್ತಿತ್ತು. ಮಾವಶಿ, ಮಾವಶಿ ಅಂತ ಬೆಲ್ಲದ ದನಿಯಲ್ಲೇ ಹೇಳಿದ: ಹೊಸ ವರ್ಷದ ಪಾರ್ಟಿಗೆ ಇಲ್ಲಿ ಬೀಚ್ ಮಾಡುತ್ತಾರಂತೆ. ಗಿಡ ಕಿತ್ತು, ಮಣ್ಣು ಸಮ ಮಾಡಿ, ಮೇಲೆ ಉಸುಕು ಹಾಸುತ್ತಾರಂತೆ. ಅಮಾಸೆ ಮುಗಿದ ಮರುದಿನವೇ ಕೆಲಸ ಶುರುವಂತೆ.

ರಾಶಿ ಆಗುವ ತನಕ ತಡಿ, ಫೆಬ್ರುವರಿಯಲ್ಲಿ ನಾನೇ ಖಾಲಿ ಮಾಡುತ್ತೇನೆ ಅಂದೆ. ಹೊಸ ವರ್ಷ ಫೆಬ್ರುವರಿಯಲ್ಲಿ ಬರುವುದಿಲ್ಲವಲ್ಲ ಮಾವಶಿ ಅಂದ. ಅವನ ಹಿಂದೆ ಜೆಸಿಬಿ ಡ್ರೈವರ್ ಭೀಮಶಾ ನಿಂತಿದ್ದ, ಮಂಠಾಳದ ಕಡೆಯವನು, ಅವನ ಅವ್ವ ನನ್ನ ಜೊತೆ ಕಳೆ ಕಿತ್ತವಳು. ಅವನ ಮುಖ ನೋಡಿದೆ. ಅವನು ಚಪ್ಪಲಿ ನೋಡಿಕೊಂಡ. ಆಯಿ, ಹೇಳಿದ್ದು ಮಾಡಬೇಕಲ್ಲ, ಹೊಟ್ಟಿಪಾಡು ಅಂತ ಗೊಣಗಿದ.

ಮನೆಗೆ ಬಂದವಳು ಊರೆಲ್ಲ ಕೇಳುವ ಹಾಗೆ ಕೂಗಾಡಿದೆ. ಏಕನಾಥ ಆಡಿಗೆ ಸೊಪ್ಪು ಕಟ್ಟುತ್ತ, ಬಿಡು, ಡ್ಯಾಮನ್ನೇ ತಡೆಯಲಾಗಲಿಲ್ಲ ನಮಗೆ, ಉಸುಕನ್ನು ತಡೆಯುತ್ತೇವೆಯೇ ಅಂದ. ಅವನ ಮೇಲೂ ಕೂಗಾಡಿದೆ. ನನಗೆ ಒಂದೇ ಒಂದು ದಾರಿ ಕಂಡಿತ್ತು. ಅಮಾಸೆಯ ದಿನ ಹೋಗಿ ದಂಡೆಗೆ ಚರಗ ಚೆಲ್ಲಿ ಬಿಟ್ಟರೆ ಸಾಕು. ಗುಡ್ಡದ ಮೇಲೆ ದುಡಿಯುವವರೆಲ್ಲ ನಮ್ಮ ಹಳ್ಳಿಗಳವರೇ, ಆಮೇಲೆ ಯಾವನು ಮುಟ್ಟುತ್ತಾನೋ ನೋಡುತ್ತೇನೆ ಅಂದುಕೊಂಡೆ. ಆದರೆ ಎರಡು ದಿನದಲ್ಲಿ ಅದಕ್ಕೂ ಕಲ್ಲು ಬಿತ್ತು. ನಾನು ಬಾವುಟ ಎಸೆದದ್ದಕ್ಕೆ ಕಂಪನಿ ಅಂಬಾದಾಸನನ್ನು ಕರೆದು, ಇನ್ನು ಊರಿನ ತೆಪ್ಪ ಗುಡ್ಡ ಮುಟ್ಟಿದರೆ ಪೊಲೀಸರಿಗೆ ಹೇಳುತ್ತೇವೆ ಅಂತ ಹೆದರಿಸಿತ್ತು. ಅವನು ನನ್ನ ಮನೆಯ ಮುಂದೆ ಬಂದು ಕೈ ಮುಗಿದು ಹೋದ. ನನ್ನ ಸಿಟ್ಟು ನನ್ನ ತೆಪ್ಪವನ್ನೇ ಮುಳುಗಿಸಿತ್ತು.

ಆ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತ ಕೂತಿದ್ದೆ. ಮೇಘಾ ಕೆಲಸದಿಂದ ಬಂದು ಬ್ಯಾಗು ಮೂಲೆಗಿಟ್ಟು ನನ್ನ ಎದುರು ಕೂತಳು. ಅವಳಿಗೆ ಅವಸರವಿದ್ದಾಗ ಬ್ಯಾಗನ್ನು ಎಸೆಯುತ್ತಾಳೆ, ಏನೋ ಕೇಳುವುದಿದ್ದಾಗ ಇಡುತ್ತಾಳೆ. ವಿಷಯ ಇಷ್ಟು: ಟೂರಿಸ್ಟರಿಗಾಗಿ ರಿಸಾರ್ಟಿನಲ್ಲಿ ಎಳ್ಳಮಾಸೆ ಪ್ರೋಗ್ರಾಮ್ ಮಾಡುತ್ತಾರಂತೆ. ಜೋಳದ ದಂಟಿನ ಕೊಂಪೆ ಕಟ್ಟಿಸಿದ್ದಾರಂತೆ, ಪಾಂಡವರು ಅಂತ ಪೂಜಿಸುವ ಐದು ಕಲ್ಲಿಗೆ ಸುಣ್ಣ ಬಳಿದಿದ್ದಾರಂತೆ, ಪ್ಲೇಟಿಗೆ ಇಷ್ಟು ಅಂತ ಭಜ್ಜಿ ಮಾರುತ್ತಾರಂತೆ. ಚರಗ ಚೆಲ್ಲಿ ತೋರಿಸಲು ಊರಿನ ಹೆಂಗಸೊಬ್ಬಳು ಬೇಕಂತೆ. ಮ್ಯಾನೇಜರ್ ಕೇಳಿದಾಗ ಮೇಘಾ ನನ್ನ ಹೆಸರು ಹೇಳಿ ಬಂದಿದ್ದಳು.

ನನ್ನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ನನ್ನ ಹೊಲ ಕಿತ್ತುಕೊಂಡವರ ಮುಂದೆ ನಾನು ಹೊಲದ ಪೂಜೆ ಆಡಿ ತೋರಿಸಬೇಕೇ? ಕೋತಿ ಆಡಿಸುವವನಿಗೆ ನನ್ನನ್ನೇ ಕೋತಿ ಮಾಡಿ ಮಾರಿ ಬಂದೆಯಾ ಅಂತ ಕೇಳಿದೆ. ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಎಷ್ಟು ಜೋರಾಗಿ ಬಡಿದೆನೆಂದರೆ ಅದು ಹರಿಯಿತು. ನಿನ್ನ ಸಂಬಳದ ಋಣ ತೀರಿಸಲು ನಾನೇ ಸಿಕ್ಕಿದೆನಾ ಅಂತಲೂ ಅಂದೆ. ಅದು ಅನ್ನಬಾರದ ಮಾತು. ಮೇಘಾ ಅಳಲಿಲ್ಲ, ಎದ್ದು ಹೋಗಲಿಲ್ಲ. ಹರಿದ ರೊಟ್ಟಿಯ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು.

"ಅತ್ತಿ, ತೆಪ್ಪ ಬಂದ್ ಆಗ್ಯದ. ಗುಡ್ಡಕ್ಕ ಹ್ಯಾಂಗ ಹೋಗ್ತೀರಿ ನೀವು? ಈಜಿ ಹೋಗ್ತೀರೇನು? ಈಗ ಅವರೇ ಬೋಟಿನಾಗ ಕುಂದ್ರಿಸ್ಕೊಂಡು ಕರ್ಕೊಂಡು ಹೋಗ್ತಾರ, ಚರಗಾ ಚೆಲ್ರಿ ಅಂತ ಅವರೇ ಕೈ ಮುಗೀತಾರ. ನಾ ಮತ್ತ ನಿಮ್ಮ ಹೆಸರು ಯಾಕ ಹೇಳ್ದೆ ಅಂತ ತಿಳದೀರಿ?"

ನಾನು ಅವಳ ಮುಖವನ್ನೇ ನೋಡಿದೆ. ಟಿಕೆಟ್ ಹರಿಯುವ ಹುಡುಗಿ, ದಿನವಿಡೀ ಮೊಬೈಲ್ ಒತ್ತುತ್ತಾಳೆ ಅಂತ ಬಯ್ಯುತ್ತಿದ್ದೆನಲ್ಲ, ಅವಳ ತಲೆಯಲ್ಲಿ ಇದು ಕೂತಿತ್ತು. ನನಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು, ಒಲೆಯ ಹೊಗೆ ಅಂದೆ. ಅವಳಿಗೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟೆ. ಆಡಿದ ಮಾತಿಗೆ ತಪ್ಪಾಯಿತು ಅಂತ ಬಾಯಿಂದ ಹೇಳುವುದು ನನಗೆ ಬರುವುದಿಲ್ಲ, ಅದು ಅವಳಿಗೆ ಗೊತ್ತು.

ಮರುದಿನ ನಾನೇ ಗೋವರ್ಧನನಿಗೆ ಫೋನ್ ಹಚ್ಚಿಸಿ ಮಾತಾಡಿದೆ. ಬರುತ್ತೇನೆ, ಆದರೆ ದುಡ್ಡು ಮುಟ್ಟುವುದಿಲ್ಲ ಅಂದೆ. ದುಡ್ಡು ತೆಗೆದುಕೊಂಡರೆ ಅದು ಕೂಲಿಯಾಗುತ್ತದೆ, ಚರಗವಾಗುವುದಿಲ್ಲ. ಬುಟ್ಟಿಯ ಅಡುಗೆ ನನ್ನ ಒಲೆಯದೇ ಆಗಬೇಕು, ನನ್ನ ಗಂಡ ಹಿಂದೆ ದನಿ ಕೊಡಬೇಕು, ಮತ್ತು ಅರ್ಧ ಸುತ್ತಿ ನಿಲ್ಲಿಸುವ ಪದ್ಧತಿ ಇಲ್ಲ, ಗುಡ್ಡದ ಸುತ್ತ ಪೂರ್ತಿ ಒಂದು ಸುತ್ತು ಹಾಕಬೇಕು ಅಂದೆ. ಅವನಿಗೆ ಬಹಳ ಖುಷಿಯಾಯಿತು. ಪೂರ್ತಿ ಸುತ್ತಿದರೆ ವಿಡಿಯೋ ಚೆನ್ನಾಗಿ ಬರುತ್ತದೆ ಅಂದ. ಬಾವುಟದ ಜಗಳ ಮರೆತು ಬಿಡೋಣ ಮಾವಶಿ ಅಂತಲೂ ಅಂದ. ಅವನಿಗೂ ಚರಗ ಗೊತ್ತು, ಸಣ್ಣವನಿದ್ದಾಗ ಅಜ್ಜನ ಹೊಲದಲ್ಲಿ ಕೂಗಿದವನೇ. ಆದರೆ ಪೇಟೆಯಲ್ಲಿ ಬೆಳೆದವರಿಗೆ ಭಜ್ಜಿಯ ರುಚಿ ನೆನಪಿರುತ್ತದೆ, ಭಜ್ಜಿ ಯಾಕೆ ಮಾಡುತ್ತಾರೆ ಅನ್ನುವುದು ಮರೆತುಹೋಗಿರುತ್ತದೆ. ಇವನಿಗೂ ಹಾಗೇ ಆಗಿತ್ತು. ನಾನು ನೆನಪಿಸಲು ಹೋಗಲಿಲ್ಲ.

ಅಮಾಸೆಯ ದಿನ ನಸುಕಿನಲ್ಲೇ ಎದ್ದು ಅಡುಗೆ ಮಾಡಿದೆ. ಎಂದೂ ಹಾಕದಷ್ಟು ಎಣ್ಣೆ ಹಾಕಿದೆ, ತಾಯಿಗೆ ಕಡಿಮೆಯಾಗಬಾರದು ಅಂತ. ನನ್ನ ಮದುವೆಯ ಇಳಕಲ್ ಸೀರೆ ಉಟ್ಟೆ. ಏಕನಾಥ ರುಮಾಲು ಸುತ್ತಿಕೊಂಡು, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಬೋಟಿನಲ್ಲಿ ನನ್ನ ಪಕ್ಕ ಕೂತ. ಅಷ್ಟು ವರ್ಷ ಆ ನೀರಿನ ಮೇಲೆ ಓಡಾಡಿದವನು ಅವತ್ತು ಮುಳುಗದ ಹಾಗೆ ತೇಲಿಸುವ ಪ್ಲಾಸ್ಟಿಕ್ ಅಂಗಿ ಹಾಕಿಕೊಳ್ಳಬೇಕಾಯಿತು. ಕೇಸರಿ ಬಣ್ಣದ್ದು, ರುಮಾಲಿಗೆ ಹೊಂದುತ್ತದೆ ಅಂತ ನಾನು ಚೇಷ್ಟೆ ಮಾಡಿದೆ. ನಡುನೀರಿನಲ್ಲಿ ಅವನು ಕೆಳಗೆ ನೋಡಿ, ಇಲ್ಲೇ ನಮ್ಮ ಕಣ ಇತ್ತು ಅಂದ. ನನಗೆ ಗೊತ್ತು ಅಂದೆ.

ಗುಡ್ಡದ ಮೇಲೆ ಜಾತ್ರೆಯೇ ನೆರೆದಿತ್ತು. ಪ್ಯಾಂಟು ಹಾಕಿದ ಹೆಂಗಸರು, ಕಪ್ಪು ಕನ್ನಡಕದ ಗಂಡಸರು, ಕೊಂಪೆಯ ಮುಂದೆ ಫೋಟೋ ಹಿಡಿಯುವ ಸಾಲು. ಗೋವರ್ಧನ ಹೆಂಡತಿಯನ್ನೂ ಕರೆತಂದಿದ್ದ. ಪೂನಂ ಅಂತ ಅವಳ ಹೆಸರು, ಎಂಟು ತಿಂಗಳ ಬಸುರಿ, ಬಿಸಿಲಿಗೆ ಮುಖ ಕೆಂಪಾಗಿತ್ತು. ಪಾಂಡವರ ಪೂಜೆ ಮಾಡಿದೆ, ಹಾಲು ಉಕ್ಕಿಸಿದೆ, ಬುಟ್ಟಿಯನ್ನು ತಲೆಗೇರಿಸಿಕೊಂಡೆ. ಸಿಮೆಂಟಿನ ಮೆಟ್ಟಿಲಿನ ಹತ್ತಿರ ನಿಂತು ಮೊದಲ ಹಿಡಿ ಚೆಲ್ಲಿ ಕೂಗಿದೆ. ಓಲಗ್ಯಾ ಓಲಗ್ಯಾ! ಹಿಂದಿನಿಂದ ಏಕನಾಥನ ಒಂಟಿ ದನಿ ಬಂತು. ಎರಡನೇ ಸಲ ಮೇಘಾಳ ದನಿ ಸೇರಿತು. ಮೂರನೇ ಸಲ ಅಡುಗೆಮನೆಯಿಂದ, ಬೋಟಿನಿಂದ, ಗೇಟಿನಿಂದ ಕೆಲಸದವರೆಲ್ಲ ಕೂಗಿದರು. ಆಮೇಲೆ ಟೂರಿಸ್ಟರೂ ಶುರು ಮಾಡಿದರು, ತಪ್ಪುತಪ್ಪಾಗಿ, ನಗುತ್ತ. ಗೋವರ್ಧನ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ. ನಾನು ಅವನ ಕೈಗೂ ಒಂದು ಹಿಡಿ ಕೊಟ್ಟೆ, ಅವನೂ ಚೆಲ್ಲಿದ.

ಅವರ ಹುಲ್ಲುಹಾಸಿಗೆ ಚೆಲ್ಲಿದೆ, ಹಳದಿ ಮುಖದ ಗಿಡಗಳಿಗೆ ಚೆಲ್ಲಿದೆ. ಅವುಗಳ ತಪ್ಪೇನು ಪಾಪ. ಹಿಂಬದಿಗೆ ಬಂದಾಗ ಜೆಸಿಬಿ ನಿಂತಿತ್ತು, ಅದರ ಪಕ್ಕ ಭೀಮಶಾ. ಅವನು ನನ್ನ ಬುಟ್ಟಿಯನ್ನು ನೋಡಿದ, ನನ್ನ ಕಡಲೆಯನ್ನು ನೋಡಿದ, ಅವನಿಗೆ ಎಲ್ಲ ತಿಳಿಯಿತು. ಚಪ್ಪಲಿ ಬಿಟ್ಟು ಬಂದು ಬುಟ್ಟಿಯಲ್ಲಿ ಕೈ ಹಾಕಿ ಒಂದು ಹಿಡಿ ತೆಗೆದ. ನನ್ನ ದಂಡೆಯ ಒಂದೊಂದು ಸಾಲಿಗೂ ನಾನು ನಿಧಾನವಾಗಿ ಚೆಲ್ಲಿದೆ, ಏಕನಾಥ ಹಿಂದೆ ನೀರು ಚಿಮುಕಿಸಿದ. ಉಣ್ಣು ತಾಯಿ, ಹೊಟ್ಟೆ ತುಂಬ ಉಣ್ಣು, ಯಾರಿಗೂ ಅಂಜಬೇಡ ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಕಣ್ಣು ತುಂಬಿ ಬಂತು, ಈ ಸಲ ಹೊಗೆ ಇರಲಿಲ್ಲ.

ಜನ ಕೂಗುತ್ತ ಮುಂದೆ ಹೋದರು. ಪೂನಂ ಮಾತ್ರ ಸುಸ್ತಾಗಿ ನನ್ನ ಸಾಲಿನ ಪಕ್ಕ ಕಲ್ಲಿನ ಮೇಲೆ ಕೂತಳು. ಕಾಯಿ ಮುಟ್ಟಿ ನೋಡುತ್ತ, ತಾನು ಸಣ್ಣವಳಿದ್ದಾಗ ನಾರಾಯಣಪುರದ ತವರಿನಲ್ಲಿ ಹಸಿಕಡಲೆಯನ್ನು ಗಿಡದಿಂದಲೇ ಸುಲಿದು ತಿನ್ನುತ್ತಿದ್ದೆ ಅಂದಳು. ಎಷ್ಟೋ ದಿನದಿಂದ ಅದೇ ತಿನ್ನಬೇಕು ಅನಿಸುತ್ತಿದೆಯಂತೆ, ಗಂಡನಿಗೆ ಹೇಳಿದರೆ ಪೇಟೆಯಿಂದ ಡಬ್ಬಿಯ ಕಾಳು ತಂದು ಕೊಟ್ಟನಂತೆ. ನಾನು ಬುಟ್ಟಿ ಇಳಿಸಿ, ಕಾಯಿ ತುಂಬಿದ ಗಿಡಗಳನ್ನು ನೋಡಿ ನೋಡಿ ಕಿತ್ತು, ಅವಳ ಸೆರಗು ಒಡ್ಡಿಸಿ ಉಡಿ ತುಂಬಿದೆ. ಚರಗ ಚೆಲ್ಲುವಾಗ ನನ್ನೊಳಗೆ ಹಟವಿತ್ತು, ಒಪ್ಪಿಕೊಳ್ಳುತ್ತೇನೆ. ಆ ಉಡಿ ತುಂಬುವಾಗ ಹಟ ಇರಲಿಲ್ಲ. ಬಸುರಿ ಬಾಯಿಬಿಟ್ಟು ಕೇಳಿದಳು, ಕೊಟ್ಟೆ. ಗೋವರ್ಧನ ಅವಳನ್ನು ಹುಡುಕಿಕೊಂಡು ಬಂದಾಗ ಅವಳು ಕಾಯಿ ಸುಲಿದು ತಿನ್ನುತ್ತ ಕೂತಿದ್ದಳು. ಅವನಿಗೂ ಒಂದು ಕಾಳು ಬಾಯಿಗಿಟ್ಟಳು.

ಮರುದಿನ ಬೆಳಿಗ್ಗೆ ಕೆಲಸ ನಿಂತಿತು. ಭೀಮಶಾ ಜೆಸಿಬಿ ಹತ್ತಲಿಲ್ಲ. ಉಸುಕು ಹೊರಲು ಬಂದ ಹೆಂಗಸರು ಬುಟ್ಟಿಯನ್ನು ಮಗುಚಿ ಹಾಕಿ ಅದರ ಮೇಲೇ ಕೂತರು. ಗೋವರ್ಧನ ಮೊದಲು ನಕ್ಕನಂತೆ, ಆಮೇಲೆ ಬೈದನಂತೆ, ಆಮೇಲೆ ಕೆಲಸದಿಂದ ತೆಗೆಯುತ್ತೇನೆ ಅಂದನಂತೆ. ತೆಗೀರಿ ಅಂದನಂತೆ ಭೀಮಶಾ. ಮೇಘಾ ಇದನ್ನೆಲ್ಲ ಫೋನಿನಲ್ಲಿ ಪಿಸುಗುಡುತ್ತಿದ್ದಾಗಲೇ ಹಿಂದಿನಿಂದ ಗೋವರ್ಧನನ ದನಿ ಕೇಳಿತು, ನಿನ್ನ ಅತ್ತೆಯನ್ನು ಕರೆಸು ಅಂತ. ಈ ಸಲವೂ ಅವರ ಬೋಟಿನಲ್ಲೇ ಹೋದೆ. ಏಕನಾಥ ತಾನಾಗಿಯೇ ಜೊತೆಗೆ ಹೊರಟ, ಕೇಸರಿ ಅಂಗಿಯನ್ನು ಕೇಳಿ ಹಾಕಿಸಿಕೊಂಡ.

ಗೋವರ್ಧನ ದಂಡೆಯ ಮೇಲೆ ನಿಂತಿದ್ದ. ಅವನ ಪಕ್ಕ ಹೊಸ ಡ್ರೈವರ್ ಒಬ್ಬ ಇದ್ದ. ಹತ್ತಿರದಲ್ಲೇ ರಸ್ತೆ ಕೆಲಸಕ್ಕೆ ಬಂದಿದ್ದ ಹಿಂದಿಯವನು, ಬೆಳಗಿನಲ್ಲೇ ಗಾಡಿ ಕಳಿಸಿ ಕರೆಸಿದ್ದರು. ಅವನಿಗೆ ಚರಗವೂ ಗೊತ್ತಿಲ್ಲ, ನಾವೂ ಗೊತ್ತಿಲ್ಲ. ಕೆಲಸದವರೆಲ್ಲ ಸುತ್ತ ನಿಂತಿದ್ದರು. ನನಗೆ ಅಂಜಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಕಟ್ಟಿದ್ದ ಬೇಲಿಗೆ ಇದೊಂದು ಕಂಡಿ ಉಳಿದಿತ್ತು.

ಗೋವರ್ಧನ ನನ್ನನ್ನು ನೋಡಿ, ಈ ಸಲ ಬೆಲ್ಲದ ದನಿ ಬಿಟ್ಟು, "ಅದು ಪ್ರೋಗ್ರಾಮ್ ಇತ್ತು ಮಾವಶಿ, ಪೂಜಾ ಅಲ್ಲ. ಎಲ್ಲಾರಿಗೂ ಹೇಳ್ರಿ ನೀವೇ" ಅಂದ.

"ಭೂಮಿತಾಯಿಗಿ ಪ್ರೋಗ್ರಾಮ್ ಯಾವುದು, ಪೂಜಾ ಯಾವುದು ಗೊತ್ತಾಗ್ತದೇನಪಾ? ಆಕಿ ಬಾಯಾಗ ತುತ್ತು ಬಿತ್ತು, ಆಕಿ ನುಂಗಿದ್ಳು. ನೀನೂ ಹಾಕಿದಿ ಒಂದು ಹಿಡಿ. ಈಗ ಹೋಗಿ ಆಕಿ ಹೊಟ್ಟಿಯಿಂದ ವಾಪಸ್ ತೆಗಿ ನೋಡಮಿ."

ಅವನು ಭೀಮಶಾನ ಕಡೆ ತಿರುಗಿ ಜೆಸಿಬಿಯ ಚಾವಿ ಕೊಡು ಅಂದ. ಭೀಮಶಾ ಕೊರಳಿನ ದಾರದಿಂದ ಚಾವಿ ಬಿಚ್ಚಿದ. ಹೊಸ ಡ್ರೈವರ್ ಕೈ ಚಾಚಿದ. ಭೀಮಶಾ ಅವನಿಗೆ ಕೊಡಲಿಲ್ಲ, ಗೋವರ್ಧನನ ಅಂಗೈಯಲ್ಲಿಟ್ಟು ಹಿಂದೆ ಸರಿದ.

"ನಾ ಕೊಡಂಗಿಲ್ರಿ. ನೀವೇ ನಿಮ್ಮ ಕೈಲೆ ಕೊಡ್ರಿ ಅವನಿಗಿ" ಅಂದ.

ಹೊಸ ಡ್ರೈವರ್ ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದ. ಗೋವರ್ಧನ ದಂಡೆಯ ಕಡೆ ನೋಡಿದ. ಸಾಲಿನಲ್ಲಿ ನಿನ್ನೆ ನಾನು ಕಿತ್ತ ಗಿಡಗಳ ಜಾಗ ಖಾಲಿ ಕಾಣುತ್ತಿತ್ತು. ಆ ಕಲ್ಲಿನ ಸುತ್ತ ಪೂನಂ ಸುಲಿದು ಬಿಸಾಡಿದ ಸಿಪ್ಪೆ ಇನ್ನೂ ಹಸಿರಾಗಿಯೇ ಬಿದ್ದಿತ್ತು. ಅವನು ಆ ಸಿಪ್ಪೆಯನ್ನು ಬಹಳ ಹೊತ್ತು ನೋಡಿದ. ನನಗೆ ಆ ಗಳಿಗೆಯಲ್ಲಿ ಅವನ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನಿಸಿತು. ಮೇಲಿನವರಿಗೆ ಏನು ಹೇಳಲಿ ಅನ್ನುವ ಚಿಂತೆ ಅವನ ಹಣೆಯ ಮೇಲೆಯೇ ಬೆವರಾಗಿ ಕಾಣುತ್ತಿತ್ತು.

ಕಡೆಗೆ ಅವನು ಚಾವಿಯನ್ನು ತನ್ನ ಪ್ಯಾಂಟಿನ ಜೇಬಿಗೆ ಇಳಿಸಿದ. ಹೊಸ ಡ್ರೈವರನಿಗೆ, ನಾಷ್ಟಾ ಮಾಡಿ ಹೋಗು ಅಂತ ಹಿಂದಿಯಲ್ಲಿ ಹೇಳಿದ. ಪಾರ್ಟಿಗೆ ಮುಂಬದಿಯ ಹುಲ್ಲಿನ ಮೇಲೇ ಕುರ್ಚಿ ಹಾಕಿ ಅಂತ ಮೇಘಾಳಿಗೆ ಹೇಳಿದ. ಹೋಗುತ್ತ ನನ್ನ ಎದುರು ನಿಂತ.

"ರಾಶಿ ಆದ ಮ್ಯಾಲ ಬಿಡಂಗಿಲ್ಲ ನೋಡ್ರಿ ಮಾವಶಿ. ಉಸುಕು ಹಾಕೇ ಹಾಕ್ತೇನಿ."

ಆಗಲಿ ಅಂದೆ. ನಮ್ಮ ಪದ್ಧತಿಯೂ ಅಷ್ಟೇ ಹೇಳುತ್ತದೆ.

ಫೆಬ್ರುವರಿಯಲ್ಲಿ ರಾಶಿ ಮಾಡಿದೆ. ಅಂಬಾದಾಸನ ತೆಪ್ಪ ಮತ್ತೆ ಗುಡ್ಡ ಮುಟ್ಟಿತು, ಯಾರೂ ತಡೆಯಲಿಲ್ಲ. ಒಂದು ಸೇರು ಕಡಲೆಯನ್ನು ಮೇಘಾಳ ಕೈಯಲ್ಲಿ ಮಾಣಿಕನಗರಕ್ಕೆ ಕಳಿಸಿದೆ, ಅಷ್ಟರಲ್ಲಿ ಪೂನಂಗೆ ಹೆರಿಗೆಯಾಗಿತ್ತು, ಹೆಣ್ಣುಮಗು. ಗೋವರ್ಧನ ಹೇಳಿದ ಹಾಗೆ ಮಾಡಿದ. ನಾನು ದಂಡೆ ಖಾಲಿ ಮಾಡಿದ ವಾರದೊಳಗೆ ಭೀಮಶಾ ಜೆಸಿಬಿ ಹತ್ತಿದ, ಕಪ್ಪು ಮಣ್ಣಿನ ಮೇಲೆ ಬಿಳಿ ಉಸುಕು ಬಿತ್ತು, ಬಣ್ಣದ ಛತ್ರಿಗಳು ಎದ್ದವು. ಭೀಮಶಾ ನನ್ನ ಮುಖ ನೋಡಲು ನಾಚಿಕೊಳ್ಳುತ್ತಿದ್ದ. ನಿನ್ನ ಕೆಲಸ ನೀ ಮಾಡು, ನಾನೇನು ಹಗೆಯವಳೇ ಅಂತ ನಾನೇ ಕರೆದು ಹೇಳಿದೆ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಏಕನಾಥನನ್ನು ಕರೆದುಕೊಂಡು ಮತ್ತೆ ಹೋದೆ. ನೀರು ಉಸುಕನ್ನು ಬಿಟ್ಟು ಬಹಳ ಕೆಳಗೆ ಸರಿದಿತ್ತು. ಛತ್ರಿಗಳ ಆಚೆ ಹೊಸ ಕಪ್ಪು ಮಣ್ಣು ಹೊರಬಿದ್ದಿತ್ತು, ನಮ್ಮ ಹಳೆಯ ಹೊಲದ ನಡುಭಾಗ. ಎಷ್ಟೋ ವರ್ಷದಿಂದ ಮಾರ್ಚಿನಲ್ಲೇ ಅಷ್ಟು ಕೆಳಗೆ ನೀರು ಇಳಿದಿರಲಿಲ್ಲ. ನನ್ನ ಭೂಮಿತಾಯಿ ಮುಳುಗಿದ್ದಳೇ ಹೊರತು ಸತ್ತಿರಲಿಲ್ಲ. ನಾನು ಸೀರೆ ಮೇಲೆ ಕಟ್ಟಿ, ಉಸುಕು ದಾಟಿ, ಹಸಿ ಮಣ್ಣಿನಲ್ಲಿ ನಿಂತು, ಸೆರಗಿನಿಂದ ಕಲ್ಲಂಗಡಿ ಬೀಜ ಬಿಚ್ಚಿದೆ. ಮೇಲೆ ಛತ್ರಿಯ ನೆರಳಿನಲ್ಲಿ ಗೋವರ್ಧನ ಎದ್ದು ನಿಂತ.

ಮುಂದಿನ ವರ್ಷ ಅಲ್ಲಿಯವರೆಗೂ ಉಸುಕು ತರಿಸುತ್ತೇನೆ ಮಾವಶಿ ಅಂತ ಕೂಗಿ ಹೇಳಿದ. ಅವನ ದನಿಯಲ್ಲಿ ಹಳೆಯ ಬೆಲ್ಲವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ತಾ," ಅಂದೆ. "ನೀ ಎಲ್ಲಿತನಕ ತರ್ತೀಯೋ ತಾ. ನೀರು ಅದಕ್ಕೂ ಕೆಳಗ ಇಳಿತದ. ನೀರು ಎಲ್ಲಿತನಕ ಇಳಿತದೋ ಅಲ್ಲಿತನಕ ನಾ ಬಿತ್ತತೀನಿ. ನಾ ಸತ್ತ ಮ್ಯಾಲ ನಿನ್ನ ಟಿಕೀಟಿನಾಕಿ ಬಿತ್ತತಾಳ, ಕೇಳಿ ನೋಡು."

ಅವನು ತಿರುಗಿ ಮೇಲೆ ಟಿಕೆಟ್ ಕಿಟಕಿಯ ಕಡೆ ನೋಡಿದ. ಮೇಘಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮನ್ನೇ ನೋಡುತ್ತಿದ್ದಳು. ನಾನು ಬಗ್ಗಿ ಮಣ್ಣಿನಲ್ಲಿ ಬೆರಳಿಟ್ಟು ನೋಡಿದೆ. ಹದವಾಗಿತ್ತು. ಬೀಜ ಹಾಕಿದೆ.